ನಾಲ್ಕು ಬೆರಳಿನ ಅಂತರ

ಪಾರ್ಲರಿನಲ್ಲಿ ಹನ್ನೊಂದು ವರ್ಷ ಬೇರೆಯವರ ತಲೆ ತೊಳೆದರೂ ಅವಳನ್ನು ಯಾರೂ ‘ನೀವು’ ಅಂದಿರಲಿಲ್ಲ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಶಕ್ತಿ ಚಿಕಿತ್ಸಾ ಕೇಂದ್ರಕ್ಕೆ ಸೇರಿದ ಒಂದೇ ವರ್ಷದಲ್ಲಿ ಬರುವವರೆಲ್ಲ ಹಾಗೆ ಕರೆಯತೊಡಗಿದರು. ಮನೆಯಲ್ಲಿ ಮಾತ್ರ ಅವಳು ನಲವತ್ತೆರಡನೇ ವಯಸ್ಸಿನಲ್ಲೂ ಚಿನ್ನುವೇ.

ಕೇಂದ್ರ ನಡೆಸುತ್ತಿದ್ದ ಹೆಂಗಸನ್ನು ಎಲ್ಲರೂ ಮೇಡಂ ಅನ್ನುತ್ತಿದ್ದರು. ಐವತ್ತರ ಆಸುಪಾಸು, ಬಿಳಿ ಬಟ್ಟೆ, ಹೆಗಲ ಮೇಲೆ ತೆಳು ನೀಲಿ ಶಾಲು, ಎಂದೂ ಏರದ ದನಿ. ಚಿನ್ನುವನ್ನು ಅವರು ಇಟ್ಟುಕೊಂಡಿದ್ದು ಹಾಸಿಗೆ ಬಟ್ಟೆ ಮಡಚಲು, ನೆಲ ಒರೆಸಲು. ಒಂದು ದಿನ ಟವೆಲ್ ಕೊಡುವಾಗ ಕೈಗೆ ಕೈ ತಗುಲಿತು. “ನಿನ್ನ ಅಂಗೈ ಇಷ್ಟು ಬಿಸಿ ಇದೆಯಲ್ಲ, ಇದು ಎಲ್ಲರಿಗೂ ಇರಲ್ಲ” ಅಂದರು ಮೇಡಂ. ಆಗತಾನೇ ಇಸ್ತ್ರಿ ಮಾಡಿದ ಟವೆಲ್ ಹಿಡಿದ ಕೈ ಬಿಸಿಯಲ್ಲದೆ ತಣ್ಣಗಿರುತ್ತದೆಯೇ ಎಂಬುದು ಚಿನ್ನುವಿಗೆ ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಬಾಯಿ ಬಿಡುತ್ತಿರಲಿಲ್ಲವೇನೋ. ನಿನ್ನಲ್ಲಿ ಏನೋ ಇದೆ ಎಂದು ಅವಳಿಗೆ ಹೇಳಿದ ಮೊದಲ ಮನುಷ್ಯರು ಅವರು.

ಮೂರು ಭಾನುವಾರಗಳ ತರಬೇತಿ ಆಯಿತು. ಪ್ರಮಾಣಪತ್ರಕ್ಕೆ ಗಾಜು ಹಾಕಿಸಿ ಗೋಡೆಗೆ ಹೊಡೆದರು. ಕೆಲಸ ಕಷ್ಟದ್ದೇನಲ್ಲ. ಮಲಗಿದವರ ಮೈಯಿಂದ ನಾಲ್ಕು ಬೆರಳು ಮೇಲೆ ಅಂಗೈ ಹಿಡಿದು, ತಲೆಯಿಂದ ಪಾದದವರೆಗೆ ನಿಧಾನವಾಗಿ ಸವರುತ್ತ ಬರಬೇಕು. ಮುಟ್ಟುವ ಹಾಗಿಲ್ಲ. ಎಲ್ಲಿ ಕೈಗೆ ಭಾರ ಅನಿಸುತ್ತದೋ ಅಲ್ಲಿ ನಿಂತು, ಕೆಟ್ಟ ಶಕ್ತಿಯನ್ನು ಬಾಚಿ ಪಕ್ಕದ ಸ್ಟೂಲಿನ ಮೇಲಿರುವ ಉಪ್ಪುನೀರಿನ ಬಟ್ಟಲಿಗೆ ಕೊಡವಬೇಕು. ಕೊನೆಗೆ ಆ ನೀರನ್ನು ಬಚ್ಚಲಿಗೆ ಚೆಲ್ಲಿ ಮೊಣಕೈವರೆಗೆ ಕೈ ತೊಳೆದುಕೊಳ್ಳಬೇಕು. ಬಂದವರಲ್ಲಿ ಕೆಲವರು ನಿದ್ದೆ ಹೋಗುತ್ತಿದ್ದರು, ಕೆಲವರು ಸುಮ್ಮನೆ ಅಳುತ್ತಿದ್ದರು. ಎದ್ದು ಹೋಗುವಾಗ ಬಟ್ಟಲಿನ ಕಡೆ ಕಣ್ಣು ಹಾಯಿಸುತ್ತಿರಲಿಲ್ಲ, ತಮ್ಮದೇ ಉಗುಳು ಅದರಲ್ಲಿ ಬಿದ್ದಿದೆ ಎಂಬಂತೆ. ಚಿನ್ನುವಿಗೂ ಬರಬರುತ್ತ ಆ ನೀರು ಮಂದವಾದ ಹಾಗೆ ಕಾಣುತ್ತಿತ್ತು. ಅವಳು ನಂಬಿದ್ದಳು. ಯಾರಿಗೂ ಮೋಸ ಮಾಡಬೇಕೆಂದು ಒಂದು ದಿನವೂ ಕೈ ಎತ್ತಿದವಳಲ್ಲ.

ಅದಕ್ಕೇ ಭಾವನನ್ನೂ ಕರೆದುಕೊಂಡು ಹೋದಳು.

ಭಾವ ಎಂದರೆ ಅಕ್ಕನ ಗಂಡ, ಸಿಟಿ ಬಸ್ಸಿನ ಡ್ರೈವರು. ಚಿನ್ನುವಿಗೆ ಸೈಕಲ್ ಹೊಡೆಯಲು ಕಲಿಸಿದವರು. ಅವಳ ಗಂಡ ಇನ್ನೊಬ್ಬಳ ಜೊತೆ ಹೋದ ವಾರ, ಒಂದು ಮಾತೂ ಕೇಳದೆ ಬಂದು ಅವಳ ಟ್ರಂಕು ಹೆಗಲ ಮೇಲಿಟ್ಟುಕೊಂಡು, “ನಡಿ, ನಿಮ್ಮಕ್ಕ ಹಿಂದಿನ ರೂಮು ಗುಡಿಸಿಟ್ಟಿದ್ದಾಳೆ” ಎಂದವರು. ಅಂದಿನಿಂದ ಅವಳು ಆ ಹಿಂದಿನ ರೂಮಿನಲ್ಲೇ ಇದ್ದಳು. ಭಾವನಿಗೆ ಐವತ್ತನಾಲ್ಕು. ಆರು ವರ್ಷದಿಂದ ಸಕ್ಕರೆ ಕಾಯಿಲೆ. ಡಿಪೋದಲ್ಲಿ ಮಾತ್ರ ಅದು ಯಾರಿಗೂ ಗೊತ್ತಿರಲಿಲ್ಲ. ವರ್ಷಕ್ಕೊಮ್ಮೆ ನಡೆಯುವ ತಪಾಸಣೆಗೆ ವಾರ ಮುಂಚೆ ಊಟ ಬಿಟ್ಟು, ಮಾತ್ರೆ ನುಂಗಿ, ಹೇಗೋ ದಾಟಿಕೊಳ್ಳುತ್ತಿದ್ದರು. ಸಕ್ಕರೆ ಹತೋಟಿಯಲ್ಲಿಲ್ಲ ಎಂದು ಕಾಗದದ ಮೇಲೆ ಬಿದ್ದರೆ ಸ್ಟೇರಿಂಗ್ ಬಿಡಿಸಿ ಶೆಡ್ಡಿನಲ್ಲಿ ಬಸ್ ತೊಳೆಯುವುದಕ್ಕೆ ಹಾಕುತ್ತಿದ್ದರು. “ಇಪ್ಪತ್ತೆಂಟು ವರ್ಷ ಬಸ್ ಓಡಿಸಿ, ಕೊನೆಗೆ ಬಸ್ಸಿನ ಕೆಸರು ಬಳಿಯಲಾ?” ಅನ್ನುತ್ತಿದ್ದರು.

ಆ ವರ್ಷ ಕಾಲಿನ ಉರಿ ಶುರುವಾಗಿತ್ತು. ಡ್ಯೂಟಿ ಮುಗಿಸಿ ಬಂದರೆ ಎರಡೂ ಪಾದ ಬಕೆಟ್ಟಿನೊಳಗಿಟ್ಟುಕೊಂಡು ಕೂರುತ್ತಿದ್ದರು.

“ಒಂದ್ಸಲ ನಮ್ಮ ಮೇಡಂ ಹತ್ರ ಬನ್ನಿ ಭಾವ” ಅಂದಳು ಚಿನ್ನು. “ಅಲ್ಲಿ ಸೂಜಿ ಇಲ್ಲ, ರಕ್ತ ತೆಗೆಯಲ್ಲ, ಚೀಟಿ ಬರೆಯಲ್ಲ.”

“ಚೀಟಿ ಬರೆಯಲ್ವಾ?” ಅಂದರು ಭಾವ. ಅವರಿಗೆ ಬೇಕಾಗಿದ್ದು ಅಷ್ಟೇ.

ಗುರುವಾರ ಗುರುವಾರ ಅವರ ರಜೆ. ನೀಲಿ ಪರದೆಯ ಹಿಂದಿನ ಮೂರನೇ ಹಾಸಿಗೆ ಅವರದಾಯಿತು. ಚಿನ್ನುವೇ ಅವರ ಮೇಲೆ ಅಂಗೈ ಹಿಡಿಯುತ್ತಿದ್ದಳು, ನಡುವೆ ಮೇಡಂ ಬಂದು ಹೋಗುತ್ತಿದ್ದರು. ಭಾವ ಸಾಕ್ಸು ಬಿಚ್ಚುತ್ತಿರಲಿಲ್ಲ, ಬಿಚ್ಚಬೇಕೆಂದು ಕೇಳುವವರೂ ಇರಲಿಲ್ಲ. ಹತ್ತು ನಿಮಿಷಕ್ಕೆ ಗೊರಕೆ ಹೊಡೆಯುತ್ತಿದ್ದರು. ಮೂರು ತಿಂಗಳಲ್ಲಿ ಉರಿ ಕಡಿಮೆಯಾಯಿತು. ಐದನೇ ತಿಂಗಳಿಗೆ ಉರಿ ಹೋಗಿಯೇಬಿಟ್ಟಿತು. “ಕಾಲು ಇದೆಯೋ ಇಲ್ಲವೋ ಗೊತ್ತಾಗಲ್ಲ ಚಿನ್ನು, ಹತ್ತಿ ಥರ ಆಗಿದೆ” ಅಂದರು. ಅಕ್ಕ ಆ ದಿನ ತಂಗಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

ಭಾನುವಾರದ ಸಭೆಯಲ್ಲಿ ಮೇಡಂ ಭಾವನನ್ನು ಎದ್ದು ನಿಲ್ಲಿಸಿದರು. ನಲವತ್ತು ಜನರ ಮುಂದೆ ಅವರು ತಮ್ಮ ಕಾಲಿನ ಕಥೆ ಹೇಳಿದರು. ಮಾತ್ರೆ ಬಿಡಿ ಎಂದು ಮೇಡಂ ಯಾವತ್ತೂ ಹೇಳಿದವರಲ್ಲ. “ನಿಮ್ಮ ದೇಹವೇ ನಿಮಗೆ ಹೇಳುತ್ತೆ, ಅದರ ಮಾತು ಕೇಳಿ” ಅನ್ನುತ್ತಿದ್ದರು. ಭಾವನ ದೇಹ ಮಾತ್ರೆ ಬೇಡ ಅಂದಿತು. ಯಾರ ದೇಹ ತಾನೇ ಬೇಕು ಅನ್ನುತ್ತದೆ.

ಆಮೇಲೊಂದು ದಿನ ಊಟಕ್ಕೆ ಕೂತಾಗ ಭಾವ ನಗುತ್ತ ಹೇಳಿದರು. ಬೆಳಿಗ್ಗೆ ಬ್ರೇಕ್ ಮೇಲೆ ಕಾಲಿಟ್ಟಿದ್ದೇನೆ ಅಂದುಕೊಂಡಿದ್ದರಂತೆ, ಕಾಲು ಅದರ ಪಕ್ಕದಲ್ಲಿತ್ತಂತೆ. ತಡವಾಗಿ ಒತ್ತಿದ್ದಕ್ಕೆ ನಿಂತಿದ್ದ ಒಬ್ಬ ಹೆಂಗಸು ಮುಂದಿನ ಸೀಟಿಗೆ ಬಡಿದು ತುಟಿ ಒಡೆದುಕೊಂಡಳಂತೆ. “ಹಿಡ್ಕೊಳ್ದೇ ನಿಂತ್ರೆ ಇನ್ನೇನಾಗುತ್ತೆ” ಅಂದರು. ಅಕ್ಕ, ಚಿನ್ನು ಇಬ್ಬರೂ ನಕ್ಕರು. ಆ ನಗುವನ್ನು ಚಿನ್ನು ಇವತ್ತಿಗೂ ಮರೆತಿಲ್ಲ.

ವಾಸನೆ ಬಂದದ್ದು ಅದಾದ ಎರಡು ವಾರಕ್ಕೆ.

ಮೊದಲು ಇಲಿ ಸತ್ತಿದೆ ಅಂದುಕೊಂಡಳು. ಮೂರೂ ಹಾಸಿಗೆ ಎಳೆದು ಹಿಂದೆ ನೋಡಿದಳು, ಬೀರು ಸರಿಸಿದಳು, ಏನೂ ಇಲ್ಲ. ಭಾವ ಎದ್ದು ಹೋದ ಮೇಲೆ ವಾಸನೆಯೂ ಹೋಯಿತು. ಮುಂದಿನ ಗುರುವಾರ ಅವರ ಜೊತೆಗೇ ಮೆಟ್ಟಿಲು ಹತ್ತಿಕೊಂಡು ಬಂತು. ಸಿಹಿಸಿಹಿಯಾಗಿ ಕೊಳೆತ ವಾಸನೆ. ಹೂದಾನಿಯಲ್ಲಿ ವಾರಗಟ್ಟಲೆ ನಿಂತ ನೀರಿಗೆ ಮಾಂಸದಂಗಡಿಯ ಚರಂಡಿ ಸೇರಿದ ಹಾಗೆ. ಅಂಗೈಯನ್ನು ಅವರ ತಲೆಯಿಂದ ಕೆಳಕ್ಕೆ ತರುತ್ತ ಮಂಡಿ ದಾಟಿದ ಕೂಡಲೇ ಅವಳ ಗಂಟಲಿಗೆ ಹುಳಿನೀರು ಬಂತು. ಬಾಯಿಂದ ಉಸಿರಾಡಿಕೊಂಡು ಮುಗಿಸಿದಳು. ವಾಸನೆ ಬಾಯಿಯೊಳಗೂ ಬಂದು ನಾಲಿಗೆಯ ಮೇಲೆ ಕೂತುಕೊಂಡಿತು.

“ಮೇಡಂ, ಭಾವನ ಕಾಲಿಂದ ಏನೋ ವಾಸನೆ” ಎಂದು ಪರದೆಯ ಆಚೆ ಹೋಗಿ ಹೇಳಿದಳು.

ಮೇಡಂ ಮುಗುಳ್ನಕ್ಕರು. “ಬರಲೇಬೇಕಲ್ಲ. ಎಷ್ಟು ವರ್ಷದ ಕೊಳೆ ಅದು. ಒಳಗಿದ್ದದ್ದು ಹೊರಗೆ ಬರೋವಾಗ ವಾಸನೆ ಬಾರದೆ ಪರಿಮಳ ಬರುತ್ತಾ?”

“ಕಾಲು ಒಂದ್ಸಲ ಬಿಚ್ಚಿ ನೋಡೋಣವಾ?”

“ನೋಡೋದು ಭಯಕ್ಕೆ. ನಾವು ಭಯ ಕೊಡೋವರಲ್ಲ ಚಿನ್ನು. ಅದು ಹೋಗ್ತಾ ಇದೆ, ಹೋಗೋಕೆ ಬಿಡು.”

ಲ್ಯಾವೆಂಡರ್ ಸ್ಪ್ರೇ ಹೊಡೆದು ಚಿನ್ನು ಹೋಗೋಕೆ ಬಿಟ್ಟಳು. ಆ ಗುರುವಾರ ಒಂದು, ಅದರ ಮುಂದಿನದು ಎರಡು. ಎರಡನೇ ಸಲ ಸಾಕ್ಸಿನ ಹಿಮ್ಮಡಿಯ ಹತ್ತಿರ ಅಂಗೈಯಗಲದ ತೇವ ಕಂಡಳು, ಹಳದಿ ಅಂಚು, ನಡುವೆ ಕಂದು. ಕಂಡೂ ಕಣ್ಣು ತಿರುಗಿಸಿ ಬಟ್ಟಲಿಗೆ ಕೈ ಕೊಡವಿದಳು. ತಾನು ಏನನ್ನು ಕೊಡವುತ್ತಿದ್ದೇನೆ ಎಂದು ಮೊದಲ ಸಲ ಅನಿಸಿತು. ಒಣಗಿದ ಕೈ, ಒಣಗಿದ ಗಾಳಿ.

ಆ ಸಂಜೆ ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಭಾವನ ಸಾಕ್ಸುಗಳು ಬೇರೆಯ ಹಳೇ ಬಕೆಟ್ಟಿನಲ್ಲಿ, ಮುಚ್ಚಳ ಹಾಕಿದ ಬಕೆಟ್ಟಿನಲ್ಲಿ, ನೆನೆದಿದ್ದವು. ಅಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ಅದನ್ನು ಎತ್ತುತ್ತಿದ್ದುದನ್ನು ಚಿನ್ನು ಕಂಡಳು.

“ಎಷ್ಟು ದಿನದಿಂದ ಅಕ್ಕ ಇದು?”

ಅಕ್ಕ ತಲೆ ಎತ್ತಲಿಲ್ಲ. “ತಿಂಗಳಾಯ್ತು.”

“ನನಗ್ಯಾಕೆ ಹೇಳಲಿಲ್ಲ?”

“ನಿನಗೇನು ಹೇಳೋದು? ನೀನೇ ಅಲ್ವೇನೆ ಅವತ್ತು ಅಡುಗೆಮನೇಲಿ ನಿಂತು ಹೇಳಿದ್ದು, ಕೊಳೆ ಹೊರಗೆ ಬರೋವಾಗ ಹೀಗೆಲ್ಲ ಆಗುತ್ತೆ ಅಂತ. ನಾನು ಬರಲಿ ಬರಲಿ ಅಂತ ಒಗೀತಾ ಇದೀನಿ. ನಂಗೂ ವಾಕರಿಕೆ ಬರುತ್ತೆ ಕಣೆ. ಕಟ್ಟಿಕೊಂಡ ಗಂಡನ ಮೇಲೆ ಹೇಸಿಗೆ ಪಡಬಾರದು ಅಂತ ನುಂಗ್ಕೊಂಡಿದೀನಿ.”

ಹೌದು, ಹೇಳಿದ್ದಳು. ಮೇಡಂ ಹೇಳಿದ್ದನ್ನು ಅದೇ ದಿನ ಮನೆಗೆ ತಂದು, ಅದೇ ಮೆತ್ತನೆಯ ದನಿಯಲ್ಲಿ ಅಕ್ಕನ ಕಿವಿಗೆ ಹಾಕಿದ್ದಳು. ಚಿನ್ನು ಬಚ್ಚಲಿಗೆ ಹೋಗಿ ಸೋಪು ಕರಗುವವರೆಗೆ ಕೈ ತಿಕ್ಕಿದಳು.

ಭಾವ ಮನೆಗೆ ಬಂದ ಕೂಡಲೇ ಕೇಳಿದಳು, ಅವರು ರೇಗಿದರು. “ನನ್ನ ಕಾಲು ನೋಡಿ ನೀನೇನು ಮಾಡ್ತೀಯ? ನೋವಿಲ್ಲ, ಏನಿಲ್ಲ. ಬೆವರು ಅಷ್ಟೇ. ಮುಂದಿನ ತಿಂಗಳು ತಪಾಸಣೆ ಇದೆ, ಈಗ ಇಲ್ಲದ್ದೊಂದು ಎಬ್ಬಿಸಬೇಡ.” ಬಾಗಿಲು ಹಾಕಿಕೊಂಡರು. ಬೆಳಿಗ್ಗೆ ಅವಳು ಏಳುವ ಮೊದಲೇ ಡಿಪೋಗೆ ಹೋಗಿದ್ದರು. ಆ ವಾರವೆಲ್ಲ ಹಾಗೇ ತಪ್ಪಿಸಿಕೊಂಡರು.

ಗುರುವಾರ ಬಂದರು. ಮಲಗಿದರು, ಗೊರಕೆ ಶುರುವಾಯಿತು. ಚಿನ್ನು ಕೈ ಎತ್ತಲಿಲ್ಲ. ಕಾಲ ಬುಡದಲ್ಲಿ ಕೂತು ಬಲಗಾಲಿನ ಸಾಕ್ಸಿನ ಅಂಚನ್ನು ಎರಡು ಬೆರಳಿನಿಂದ ಹಿಡಿದು ಕೆಳಕ್ಕೆ ಸುರುಳಿ ಸುತ್ತಿದಳು. ಹಿಮ್ಮಡಿಯ ಹತ್ತಿರ ಬಟ್ಟೆ ಅಂಟಿಕೊಂಡಿತ್ತು. ಉಪ್ಪುನೀರಿನ ಬಟ್ಟಲು ಪಕ್ಕದಲ್ಲೇ ಇತ್ತಲ್ಲ, ಅದನ್ನೇ ಅಲ್ಲಿಗೆ ಸುರಿದು ನೆನೆಸಿದಳು. ಗಾಯದ ಮೇಲೆ ಉಪ್ಪುನೀರು ಬಿದ್ದರೂ ಭಾವನ ಗೊರಕೆ ನಿಲ್ಲಲಿಲ್ಲ. ಅವಳು ಹೆದರಿದ್ದು ಆಗ.

ಸಾಕ್ಸು ಬಿಟ್ಟಿತು. ಹಿಮ್ಮಡಿಯ ನಡುವೆ ನಿಂಬೆಹಣ್ಣು ಕೂರುವಷ್ಟು ಗುಂಡಿ. ಅಂಚು ಬೂದು, ಒಳಗೆ ಅಂಟಂಟು. ಕಿರುಬೆರಳು, ಅದರ ಪಕ್ಕದ ಬೆರಳು ಸುಟ್ಟ ಕಡ್ಡಿಯ ಹಾಗೆ ಕಪ್ಪಾಗಿ ಒಣಗಿದ್ದವು. ಗುಂಡಿಯ ತಳದಲ್ಲಿ ಏನೋ ಮಿಸುಕಿತು. ಅನ್ನದ ಅಗುಳಿನಷ್ಟು ಬಿಳಿ. ಒಂದಲ್ಲ, ನಾಲ್ಕೈದು.

ಚಿನ್ನು ಕೂಗಲಿಲ್ಲ. ಭಾವನ ಮಂಡಿ ಅಲುಗಿಸಿ ಎಬ್ಬಿಸಿದಳು. “ಎದ್ದು ಕೂತ್ಕೊಳ್ಳಿ ಭಾವ. ನೋಡಿ.”

ಭಾವ ಮೊಣಕೈ ಊರಿ ಎದ್ದು ನೋಡಿದರು. ಬಹಳ ಹೊತ್ತು ನೋಡಿದರು. “ಇದು ನನ್ನ ಕಾಲಾ?” ಅಂದರು, ಬೇರೆ ಯಾರದ್ದೋ ಆಗಿರಬಹುದು ಎಂಬ ಆಸೆಯಿಂದ.

ಸಾಕ್ಸು ಬಿಚ್ಚಿದ ಮೇಲೆ ವಾಸನೆ ಪರದೆ ದಾಟಿ ಹೊರಗಿನ ಹಾಲ್‌ಗೆ ಹೋಗಿತ್ತು. ಅಲ್ಲಿ ಆರೇಳು ಜನ ಸರದಿ ಕಾಯುತ್ತಿದ್ದರು. ಮೇಡಂ ಪರದೆ ಸರಿಸಿ ಒಳಗೆ ಬಂದವರು ಅಲ್ಲೇ ನಿಂತರು. ನೀಲಿ ಶಾಲಿನ ತುದಿಯನ್ನು ಮೂಗಿಗೆ ಒತ್ತಿ ಹಿಡಿದರು. ಕಣ್ಣು ಭಾವನ ಮುಖದ ಮೇಲಿರಲಿಲ್ಲ, ಕಾಲಿನ ಮೇಲೂ ಇರಲಿಲ್ಲ, ಹಾಸಿಗೆಯ ಬಟ್ಟೆಯ ಮೇಲಿತ್ತು.

“ಇವರನ್ನ ಹಿಂದಿನ ಮೆಟ್ಟಿಲಿಂದ ಇಳಿಸಿಬಿಡು” ಎಂದರು ಶಾಲಿನೊಳಗಿಂದಲೇ. “ಹಾಲ್‌ನಲ್ಲಿ ಜನ ಇದಾರೆ. ಆ ಬೆಡ್‌ಶೀಟ್ ಒಗೆಯೋಕೆ ಹಾಕಬೇಡ, ಬಿಸಾಕು.”

ಇಪ್ಪತ್ತೆರಡು ಮೆಟ್ಟಿಲು. ಹಿಂದಿನ ದಾರಿಯಲ್ಲಿ ಕನ್ನಡಕದಂಗಡಿಯ ಖಾಲಿ ಪೆಟ್ಟಿಗೆಗಳು ಅರ್ಧ ಜಾಗ ತಿಂದಿದ್ದವು. ಭಾವನ ತೋಳು ತನ್ನ ಕೊರಳಿಗೆ ಹಾಕಿಕೊಂಡು ಚಿನ್ನು ಇಳಿಸಿದಳು. ಬರಿಯ ಬಲಗಾಲು ಪ್ರತಿ ಮೆಟ್ಟಿಲಿಗೂ ಒದ್ದೆ ಗುರುತು ಬಿಡುತ್ತಿತ್ತು. ಅವರು ಆ ಕಾಲನ್ನೂ ಊರಿಯೇ ಇಳಿಯುತ್ತಿದ್ದರು, ನೋವೇ ಇರಲಿಲ್ಲವಲ್ಲ.

ಆಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕತ್ತರಿಸಿದರು. ಎರಡು ದಿನ ತಡವಾಗಿದ್ದರೆ ಮಂಡಿಯೂ ಉಳಿಯುತ್ತಿರಲಿಲ್ಲ ಅಂದರು. ಉರಿ ಹೋದದ್ದು ವಾಸಿಯಾಗಿ ಅಲ್ಲ, ಕಾಲಿನ ನರ ಸತ್ತು ಎಂದು ಡಾಕ್ಟರು ಅಕ್ಕನಿಗೆ ಬಿಡಿಸಿ ಹೇಳುತ್ತಿದ್ದಾಗ ಚಿನ್ನು ಗೋಡೆ ನೋಡುತ್ತ ನಿಂತಿದ್ದಳು. ಗಾಯ ಶುರುವಾದದ್ದು ಎಲ್ಲಿಂದ ಎಂದು ಅವರಿಗೆ ಅನುಮಾನವಿತ್ತು, ಹಾಕುತ್ತಿದ್ದ ಶೂ ತರಿಸಿ ಅಂದರು. ಮನೆಗೆ ಹೋಗಿ ಚಿನ್ನು ಬಲಗಾಲಿನ ಶೂ ಎತ್ತಿಕೊಂಡು ಒಳಗೆ ಕೈ ಹಾಕಿದಳು. ಹಿಮ್ಮಡಿಯ ಜಾಗದಲ್ಲಿ ಶೂವಿನದೇ ಒಂದು ಮೊಳೆ ಮೇಲಕ್ಕೆದ್ದಿತ್ತು. ಅವಳ ಬೆರಳಿಗೆ ಚುಚ್ಚಿ ಚಟ್ಟನೆ ಕೈ ಹಿಂದಕ್ಕೆ ಬಂತು. ಭಾವ ಅದರ ಮೇಲೆ ಕಾಲಿಟ್ಟು ಎಷ್ಟು ಸಾವಿರ ಸಲ ಬ್ರೇಕ್ ಒತ್ತಿದ್ದರೋ.

ಡ್ರೆಸ್ಸಿಂಗ್ ಕೋಣೆಯಲ್ಲಿ ಒಬ್ಬರು ದಪ್ಪ ಕನ್ನಡಕದ ಸಿಸ್ಟರ್ ಇದ್ದರು. ಮೊದಲ ದಿನ ಬ್ಯಾಂಡೇಜು ಬಿಚ್ಚುತ್ತ, “ಇಷ್ಟು ದಿನ ಯಾರು ನೋಡ್ತಿದ್ದರು ಇವರನ್ನ?” ಎಂದು ಕೇಳಿದರು.

“ನಾನು” ಅಂದಳು ಚಿನ್ನು.

ಸಿಸ್ಟರ್ ಅವಳನ್ನೊಮ್ಮೆ ಕನ್ನಡಕದ ಮೇಲಿಂದ ನೋಡಿದರು. ಬೈಯಲಿಲ್ಲ. “ಗ್ಲೌಸ್ ಹಾಕ್ಕೊಂಡು ಬಾ, ಈ ಕಾಲು ಮೇಲೆತ್ತಿ ಹಿಡ್ಕೋ. ಗಟ್ಟಿಯಾಗಿ ಹಿಡಿ, ಒಡೆದು ಹೋಗಲ್ಲ” ಅಂದರು. ಚಿನ್ನು ಹಿಡಿದಳು. ಅಷ್ಟು ತಿಂಗಳು ಗಾಳಿಯಲ್ಲಿ ಸವರಿದ ಆ ಕಾಲನ್ನು ಅವಳು ನಿಜವಾಗಿ ಎತ್ತಿ ಹಿಡಿದದ್ದು ಆಗಲೇ. ಅದಕ್ಕೊಂದು ತೂಕವಿತ್ತು. ಕಾವಿತ್ತು. ಅವಳಿಗೆ ತನ್ನ ಮೇಲೆ ಬಂದ ಹೇಸಿಗೆ ಕೀವಿನ ಮೇಲೂ ಬರಲಿಲ್ಲ.

ಮೂರು ವಾರದ ಮೇಲೆ ಮನೆಗೆ ಬಂದರು. ಉರಿಯೂ ಬಂತು. ಇಲ್ಲದ ಪಾದದಲ್ಲಿ, ಇಲ್ಲದ ಕಿರುಬೆರಳಲ್ಲಿ, ಕೆಂಡ ಇಟ್ಟ ಹಾಗೆ. ಹೀಗಾಗುವುದುಂಟು, ಕಡಿಮೆಯಾಗಲು ಸಮಯ ಹಿಡಿಯುತ್ತದೆ ಎಂದು ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಿದ್ದರು. ಭಾವನಿಗೆ ಸಾಲಲಿಲ್ಲ. ಹಗಲೆಲ್ಲ ಹಲ್ಲು ಕಚ್ಚಿಕೊಂಡು ಹಾಸಿಗೆಯ ಆ ಖಾಲಿ ಜಾಗವನ್ನೇ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಚಿನ್ನು ಮಾತ್ರೆ ತರಲು ಹೋಗಿ ಬರುವಷ್ಟರಲ್ಲಿ ಬಾಗಿಲಲ್ಲಿ ಪರಿಚಯದ ಚಪ್ಪಲಿ ಇತ್ತು. ಒಳಗೆ ಮೇಡಂ ಹಾಸಿಗೆಯ ಪಕ್ಕ ಕೂತಿದ್ದರು. ಕಿತ್ತಳೆ ತಂದಿದ್ದರು. ಅಕ್ಕ ತಲೆಬಾಗಿಲ ಹತ್ತಿರ ಕೈ ಕಟ್ಟಿ ನಿಂತಿದ್ದಳು. ಮೇಡಂ ಕಣ್ಣು ಮುಚ್ಚಿ ಭಾವನ ತೊಡೆಯಿಂದ ನಾಲ್ಕು ಬೆರಳು ಮೇಲೆ ಅಂಗೈ ಹಿಡಿದು ಕೆಳಗೆ ತಂದರು. ಮಂಡಿ ಬಂತು, ಬ್ಯಾಂಡೇಜಿನ ತುದಿ ಬಂತು, ಕೈ ನಿಲ್ಲಲಿಲ್ಲ. ಬರಿಯ ಬೆಡ್‌ಶೀಟಿನ ಮೇಲೆ ಹಾಗೇ ಮುಂದಕ್ಕೆ ಹೋಗಿ, ಪಾದ ಇರಬೇಕಾಗಿದ್ದ ಜಾಗದಲ್ಲಿ ಭಾರ ಸಿಕ್ಕವರ ಹಾಗೆ ನಿಂತು, ಬಾಚಿ, ಕೊಡವಿತು. ಕೊಡವಿದ್ದು ಅಕ್ಕ ದಿನಾ ಸಾರು ಹಾಕಿಡುವ ಸ್ಟೀಲ್ ಬಟ್ಟಲಿಗೆ.

ಭಾವ ನಿದ್ದೆ ಹೋದರು. ಕಾಲು ಕತ್ತರಿಸಿದ ಮೇಲೆ ಅವರ ಮುಖ ಅಷ್ಟು ಸಡಿಲವಾಗಿದ್ದನ್ನು ಚಿನ್ನು ನೋಡಿರಲಿಲ್ಲ.

ಮೇಡಂ ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಚಿನ್ನು ಎದುರು ನಿಂತಳು. “ಅವತ್ತು ನೀವು ಮೂಗು ಮುಚ್ಚಿಕೊಂಡ್ರಿ.”

“ನಾನೂ ಮನುಷ್ಯಳೇ ಅಲ್ವಾ ಚಿನ್ನು?”

“ಆ ವಾಸನೆ ಒಳ್ಳೇದು ಅಂದಿದ್ದೂ ನೀವೇ.”

“ಅವರು ಈಗ ಮಲಗಿದಾರೆ” ಅಂದರು ಮೇಡಂ, ಅದೇ ಏರದ ದನಿಯಲ್ಲಿ. “ನಿಮ್ಮ ಡಾಕ್ಟರ್ ಮಲಗಿಸಿದ್ರಾ? ನಾನು ಸುಳ್ಳು ಹೇಳ್ತಿದೀನಿ ಅಂತ ನಿನಗನ್ಸಿದ್ರೆ ಹೋಗಿ ಎಬ್ಬಿಸು.”

ಎಬ್ಬಿಸಲು ಚಿನ್ನುವಿಗೆ ಮನಸ್ಸು ಬರಲಿಲ್ಲ. ಅವರ ಮಾತಿನಲ್ಲಿ ಕಪಟ ಇದ್ದಿದ್ದರೆ ಎಷ್ಟೋ ವಾಸಿಯಿತ್ತು. ಇರಲಿಲ್ಲ. ಆ ಹೆಂಗಸು ತನ್ನ ಕೈಯನ್ನು ಪೂರ್ತಿ ನಂಬಿದ್ದಳು, ಒಂದು ಕಾಲಕ್ಕೆ ಚಿನ್ನು ನಂಬಿದ್ದ ಹಾಗೆಯೇ. ಒಳಗೆ ಹೋಗಿ ಸ್ಟೀಲ್ ಬಟ್ಟಲನ್ನು ನೀರಿನ ಸಮೇತ ಬೀದಿ ತುದಿಯ ಕಸದ ಡಬ್ಬಕ್ಕೆ ಹಾಕಿ ಬಂದಳು.

“ಪಾತ್ರೆ ಏನು ಮಾಡಿತ್ತೆ ನಿನಗೆ?” ಎಂದು ಅಕ್ಕ ರೇಗಿದಳು. “ಅವರಿಗೆ ನಿದ್ದೆ ಬಂತು, ನಂಗಷ್ಟು ಸಾಕು. ಯಾರು ಬರಿಸಿದ್ರು ಅಂತ ನಾನು ಕೇಳಲ್ಲ.”

ಮೇಡಂ ವಾರಕ್ಕೆರಡು ಸಲ ಬರತೊಡಗಿದರು. ತಿಂಗಳು ಕಳೆದ ಮೇಲೆ, ಭಾನುವಾರದ ಸಭೆಗೆ ಬನ್ನಿ ಎಂದು ಭಾವನನ್ನು ಕರೆದರು. ಭಾವ ಒಪ್ಪಿದರು. ಚಿನ್ನು ಬೇಡವೆಂದಳು, ಅವರು ಕೇಳಲಿಲ್ಲ. ಕೊನೆಗೆ ಅಕ್ಕನ ಜೊತೆ ತಾನೂ ಹೋದಳು. ಭಾವನನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಗಂಡಸರು ಮೇಲೆ ಹೊತ್ತುಕೊಂಡು ಹೋದರು. ಈ ಸಲ ಮುಂದಿನ ಮೆಟ್ಟಿಲಿನಿಂದಲೇ.

ಸಭೆಯ ಹಾಲ್ ತುಂಬಿತ್ತು. “ಇವರ ಕಾಲು ಹೋಯ್ತು, ಜೀವ ಉಳೀತು” ಅಂದರು ಮೇಡಂ. “ಹೇಗೆ ಉಳೀತು ಅಂತ ಅವರ ಬಾಯಲ್ಲೇ ಕೇಳಿ.”

ಭಾವ ಗಂಟಲು ಸರಿಮಾಡಿಕೊಂಡರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ವಿಷ ಮೈಗೆಲ್ಲ ಏರಬೇಕಿತ್ತು, ಆದರೆ ಎನರ್ಜಿ ತಗೊಳ್ಳುತ್ತಿದ್ದುದರಿಂದ ಅದು ಮಂಡಿಯಲ್ಲೇ ನಿಂತಿತು ಎಂದರು. ಡಾಕ್ಟರೇ ಆಶ್ಚರ್ಯಪಟ್ಟರು ಎಂದೂ ಸೇರಿಸಿದರು. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಅಕ್ಕ ತಲೆಯಾಡಿಸಿದಳು. ಮುಂದಿನ ಸಾಲಿನಲ್ಲಿ ಯಾರೋ ಕಣ್ಣೊರೆಸಿಕೊಂಡರು.

ಚಿನ್ನು ಎದ್ದು ನಿಂತಳು.

“ಇವರಿಗೆ ಕೈ ಹಿಡೀತಿದ್ದವಳು ನಾನೇ” ಅಂದಳು. “ಉರಿ ಹೋಗಿದ್ದು ನರ ಸತ್ತು. ನಾವು ಇಲ್ಲೇ ಕೂತು ಚಪ್ಪಾಳೆ ತಟ್ಟಿದ್ವಿ. ಕಾಲಲ್ಲಿ ಹುಳ ಇತ್ತು. ಈ ಪರದೆ ಹಿಂದೆ, ಆ ಮೂರನೇ ಹಾಸಿಗೆ ಮೇಲೆ. ವಾಸನೆ ಬರ್ತಿತ್ತು, ಕೊಳೆ ಹೋಗ್ತಿದೆ ಅಂದ್ಕೊಂಡು ಸೆಂಟ್ ಹೊಡೆದೆ. ನಿಮ್ಮಲ್ಲಿ ಯಾರಿಗಾದ್ರೂ ಗಾಯ ಇದ್ರೆ, ಗಂಟು ಇದ್ರೆ, ದಯವಿಟ್ಟು ಎದ್ದು ಹೋಗಿ ಡಾಕ್ಟರಿಗೆ ತೋರಿಸಿ. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಯಾರ ಕೈಯಲ್ಲೂ ಇಲ್ಲ.”

ಯಾರೂ ಎದ್ದು ಹೋಗಲಿಲ್ಲ. ಯಾರೂ ಬೈಯಲೂ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಮರುಕದಿಂದ, “ಪಾಪ, ಎಷ್ಟು ಭಾರ ಹೊತ್ತಿದಾರೆ ನೋಡಿ” ಅಂದಳು. ಮೇಡಂ ಕಣ್ಣು ಮುಚ್ಚಿ ಎರಡೂ ಅಂಗೈ ಚಿನ್ನುವಿನ ಕಡೆಗೆ ಎತ್ತಿದರು. ಬ್ಯಾಂಕಿನ ಹೆಂಗಸು ಎತ್ತಿದಳು. ಅವಳ ಪಕ್ಕದವರು ಎತ್ತಿದರು. ಒಂದೊಂದೇ ಸಾಲಾಗಿ ಹಾಲ್‌ನಲ್ಲಿದ್ದ ಅಷ್ಟೂ ಅಂಗೈಗಳು, ಬೆವರಿದವು, ಒಣಗಿದವು, ಉಂಗುರ ಹಾಕಿದವು, ಅವಳ ಕಡೆಗೆ ತೆರೆದುಕೊಂಡವು. ಅಕ್ಕನದೂ ಇತ್ತು. ಭಾವ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ತಮ್ಮ ಎರಡೂ ಕೈ ಎತ್ತಿದ್ದರು. “ಕೂತ್ಕೋ ಚಿನ್ನು” ಅಂದರು ಪ್ರೀತಿಯಿಂದ. “ತಗೋ.”

ನೂರು ಹಸಿ ನಾಲಿಗೆಗಳು ತನ್ನ ಮೈಯನ್ನು ನೆಕ್ಕಲು ಬಂದ ಹಾಗಾಯಿತು ಅವಳಿಗೆ. ಕುರ್ಚಿಗಳನ್ನು ತಳ್ಳಿಕೊಂಡು, ಮೆಟ್ಟಿಲಿಳಿದು, ಕನ್ನಡಕದಂಗಡಿಯ ಪಕ್ಕದ ಚರಂಡಿಯ ಮೇಲೆ ಬಗ್ಗಿ ವಾಂತಿ ಮಾಡಿದಳು. ಅಂಗಡಿಯವನು ಒಂದು ಬಾಟಲಿ ನೀರು ತಂದುಕೊಟ್ಟ. ಊಟ ಹಿಡಿಸಲಿಲ್ಲವಾ ಎಂದು ಕೇಳಿದ. ಹೌದು ಅಂದಳು.

ಮರುದಿನದಿಂದ ಕೇಂದ್ರಕ್ಕೆ ಹೋಗಲಿಲ್ಲ. ಗಾಜು ಹಾಕಿಸಿದ ಪ್ರಮಾಣಪತ್ರ ಅಲ್ಲೇ ಗೋಡೆಯ ಮೇಲೆ ಉಳಿಯಿತು. ಎರಡು ತಿಂಗಳು ಮತ್ತೆ ಪಾರ್ಲರಿನಲ್ಲಿ ತಲೆ ತೊಳೆದಳು. ಆಮೇಲೆ ದಪ್ಪ ಕನ್ನಡಕದ ಸಿಸ್ಟರ್ ಹೇಳಿ, ಆಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಗೆ ಆಯಾ ಆಗಿ ಸೇರಿಸಿಕೊಂಡರು. ಅಲ್ಲಿ ಅವಳನ್ನು ಎಲ್ಲರೂ ಮತ್ತೆ ‘ನೀನು’ ಅನ್ನುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಬೇರೆಯವರ ಕಾಲು ಎತ್ತಿ ಹಿಡಿಯುವುದು, ಕೊಳೆತ ಹತ್ತಿ ಬಕೆಟ್ಟಿಗೆ ಹಾಕುವುದು, ಬಕೆಟ್ ತೊಳೆಯುವುದು. ವಾಸನೆ ಬಂದರೆ ಯಾರೂ ಅದಕ್ಕೆ ಒಳ್ಳೆಯ ಹೆಸರು ಕೊಡುವುದಿಲ್ಲ. ಸಿಸ್ಟರ್ “ಥೂ, ನಾರುತ್ತೆ” ಎಂದು ಬಾಯಿ ಬಿಟ್ಟು ಹೇಳಿ, ಹೇಳುತ್ತಲೇ ಒರೆಸುತ್ತಾರೆ. ಆ ಮಾತು ಕೇಳಿದರೆ ಚಿನ್ನುವಿಗೆ ಎದೆ ಹಗುರಾಗುತ್ತದೆ.

ಭಾವ ಬದಲಾಗಲಿಲ್ಲ. ಮರದ ಕಾಲು ಕಟ್ಟಿಸಿಕೊಂಡರು, ಡಿಪೋದವರು ಗೇಟಿನಲ್ಲಿ ಬಸ್ಸಿನ ನಂಬರು ಬರೆಯುವ ಕೆಲಸಕ್ಕೆ ಹಾಕಿದರು. ಭಾನುವಾರ ಸಭೆಗೆ ಹೋಗಿ ಈಗಲೂ ಅದೇ ಕಥೆ ಹೇಳುತ್ತಾರೆ. ಪ್ರತಿ ಸಲ ಹೇಳುವಾಗಲೂ ಡಾಕ್ಟರ ಆಶ್ಚರ್ಯ ಒಂದಿಷ್ಟು ಹೆಚ್ಚಾಗುತ್ತದೆ. ನಿಮ್ಮಿಂದಲೇ ಹೀಗಾಯಿತು ಎಂದು ಅವರು ಚಿನ್ನುವನ್ನಾಗಲಿ ಮೇಡಂ ಅವರನ್ನಾಗಲಿ ಒಂದು ದಿನವೂ ಅಂದಿಲ್ಲ. ಅನ್ನಲಿ ಎಂದು ಅವಳು ಕಾದಿದ್ದುಂಟು.

ಆದರೆ ಬೆಳಿಗ್ಗೆ ಕಾಫಿ ಕುಡಿದ ಮೇಲೆ, ಕುರ್ಚಿಯಲ್ಲಿ ಕೂತು, ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು, ಉಳಿದ ಎಡಗಾಲನ್ನು ಅವಳ ಕಡೆ ಚಾಚುತ್ತಾರೆ. ಮೊದಲ ದಿನ ಹಾಗೆ ಚಾಚಿದಾಗ ಅವಳಿಗೆ ಯಾಕೆಂದು ತಿಳಿಯಲಿಲ್ಲ. ತಿಳಿದ ಮೇಲೆ ಕೇಳಲಿಲ್ಲ. ನೆಲದ ಮೇಲೆ ಕೂತು ಪಾದವನ್ನು ಮಡಿಲಲ್ಲಿಟ್ಟುಕೊಂಡು, ಹಿಮ್ಮಡಿ ಒತ್ತಿ, ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾಳೆ. ಶೂ ಒಳಗೆ ಕೈ ಹಾಕಿ ಸವರುತ್ತಾಳೆ.

ಹೋದ ಭಾನುವಾರ ಹೆಬ್ಬೆರಳ ಕೆಳಗೆ ಒಂದು ಗುಳ್ಳೆ ಸಿಕ್ಕಿತು, ಕಡಲೆ ಗಾತ್ರದ್ದು, ಒಡೆದಿರಲಿಲ್ಲ.

“ಇವತ್ತೇ ಆಸ್ಪತ್ರೆಗೆ ಹೋಗ್ಬೇಕು ಭಾವ” ಅಂದಳು.

“ಇವತ್ತು ಸಭೆ ಇದೆ.”

“ಸಭೆ ಇರಲಿ. ನಾನು ಆಟೋ ಕರೀತೀನಿ.”

ಭಾವ ಪೇಪರನ್ನು ಮಡಚಿ ಟೀಪಾಯಿಯ ಮೇಲಿಟ್ಟು, ಅಡುಗೆಮನೆಯ ಕಡೆ ತಿರುಗಿ, ಆಟೋ ಬರುವಷ್ಟರಲ್ಲಿ ತಮ್ಮ ಶರ್ಟು ಕೊಡಲು ಅಕ್ಕನಿಗೆ ಹೇಳಿದರು.